ಚಿಂತೆಯ ಲೆಕ್ಕ

ಚಿತೆಗೂ ಚಿಂತೆಗೂ ನಡುವೆ ಒಂದೇ ಸೊನ್ನೆಯ ಅಂತರವೆಂದು ಹಿರಿಯರು ಹೇಳುವುದುಂಟು. ಕನ್ನಡ ಕಲಿಸುವ ನನಗೆ ಆ ಸೊನ್ನೆ ಅನುಸ್ವಾರ. ಲೆಕ್ಕ ಬಲ್ಲವರಿಗೆ ಅದೊಂದು ಅಂಕಿ. ಚಿಂತೆಯಿಂದ ರೋಗ ಬರುತ್ತದೆಂಬ ಮಾತನ್ನು ತೂಗಲು ಎರಡೂ ಬೇಕು.

ಸೀಬರ್ಡ್ ನೌಕಾನೆಲೆಗೆ 1986ರಲ್ಲಿ ಅಡಿಗಲ್ಲು ಬಿತ್ತು. 2005ರಲ್ಲಿ ‘ಕದಂಬ’ ನೆಲೆ ಕಾರ್ಯಾರಂಭ ಮಾಡಿತು. ಅದಕ್ಕಾಗಿ ಕಾರವಾರ, ಅಂಕೋಲಾ ತಾಲೂಕುಗಳ ಕಡಲಂಚಿನ ಎಷ್ಟೋ ಸಂಸಾರಗಳು ಊರು ಬಿಟ್ಟೆದ್ದವು. ಹಾಗೆ ಎದ್ದುಬಂದ ಹಿರಿಯರೊಬ್ಬರು ಅಂಕೋಲೆಯ ಪೇಟೆಯಲ್ಲಿ ಸಿಕ್ಕಾಗಲೆಲ್ಲ ಹೇಳುತ್ತಾರೆ: “ಮಾಸ್ತರೇ, ದಂಡೆ ಬಿಟ್ಟ ವರ್ಷವೇ ಸಕ್ಕರೆ ಕಾಯಿಲೆ ಹಿಡಿಯಿತು. ಇದು ಸಿಹಿ ತಿಂದು ಬಂದದ್ದಲ್ಲ, ಚಿಂತೆ ಮಾಡಿ ಮಾಡಿ ಬಂದದ್ದು.”

ಅಲ್ಲವೆನ್ನಲು ನನಗೆ ಬಾಯಿ ಬಾರದು. ಆದರೆ ಲೆಕ್ಕದವರ ಪ್ರಶ್ನೆಗಳನ್ನೂ ತಳ್ಳಿಹಾಕುವಂತಿಲ್ಲ. ನಲವತ್ತು ದಾಟಿದವರಿಗೆ ಊರು ಬಿಡದಿದ್ದರೂ ಈ ಕಾಯಿಲೆ ಬರುವುದುಂಟು. ದೋಣಿ ಎಳೆದ ಮೈ ಕೂತಲ್ಲೇ ಕೂತಾಗ, ಕಾಯಿಲೆ ತಂದದ್ದು ಮನಸ್ಸೋ ಮೈಯೋ? ಕಾಯಿಲೆ ಬಿದ್ದವನು ಹಳೆಯ ದುಃಖವನ್ನು ಹೆಕ್ಕಿ ಹೆಕ್ಕಿ ನೆನೆಯುತ್ತಾನೆ. ಗಟ್ಟಿಮುಟ್ಟಾಗಿರುವವನು ಅಷ್ಟೇ ದುಃಖವನ್ನು ಮರೆತಿರುತ್ತಾನೆ. ಆದುದರಿಂದ ಎದ್ದುಬಂದವರ ಜತೆಗೆ, ಅದೇ ವಯಸ್ಸಿನ, ಅದೇ ಕಸುಬಿನ, ಊರಲ್ಲೇ ಉಳಿದವರನ್ನೂ ಎಣಿಸಬೇಕು. ರೋಗ ಬರುವ ಮೊದಲೇ ದುಃಖವನ್ನು ಕೇಳಿ ಬರೆದಿಡಬೇಕು.

ಅಮೆರಿಕದ ಹೋಮ್ಸ್ ಮತ್ತು ರಾಹೆ ಎಂಬವರು 1967ರಲ್ಲಿ ಬದುಕಿನ 43 ಏರುಪೇರುಗಳಿಗೆ ಅಂಕ ಕೊಟ್ಟರು: ಸಂಗಾತಿಯ ಸಾವಿಗೆ 100, ಮದುವೆಗೆ 50, ಮನೆ ಬದಲಾವಣೆಗೆ 20. ಇಪ್ಪತ್ತೇ! ಬಾಡಿಗೆಮನೆ ಬದಲಿಸುವವನಿಗೆ ಅದು ಸಾಕೆನ್ನಿ. ಕಸುಬಿನ ಬದಲಾವಣೆಗೆ ಬೇರೆ ಅಂಕವೂ ಪಟ್ಟಿಯಲ್ಲಿದೆ. ಆದರೆ ಮನೆ, ಕಸುಬು, ಕಡಲು, ನೆರೆಹೊರೆ ಎಲ್ಲವೂ ಒಂದೇ ಪೆಟ್ಟಿಗೆ ಹೋದವನ ನೋವು ಬರಿಯ ಕೂಡುವ ಲೆಕ್ಕಕ್ಕೆ ಸಿಕ್ಕೀತೆ?

ಅದೇ ರಾಹೆ ಮತ್ತು ಸಂಗಡಿಗರು ಸುಮಾರು 2,500 ಅಮೆರಿಕನ್ ನಾವಿಕರಿಂದ ಹಡಗು ಹೊರಡುವ ಮೊದಲೇ ಇಂಥ ವಿವರ ಪಡೆದು, ಆಮೇಲೆ ಕಡಲಲ್ಲಿ ಬಂದ ಕಾಯಿಲೆಗಳನ್ನು ಎಣಿಸಿದರು. 1970ರಲ್ಲಿ ಫಲ ಪ್ರಕಟವಾಯಿತು. ನಂಟು ಇದ್ದದ್ದು ನಿಜ. ಪೂರ್ಣ ನಂಟು 1 ಎಂದಾದರೆ ಅದು 0.118 ಮಾತ್ರ. ನಾವಿಕರ ಕಾಯಿಲೆಯ ಹೆಚ್ಚುಕಡಿಮೆಯಲ್ಲಿ ಅಂಕಗಳು ವಿವರಿಸಿದ್ದು ನೂರಕ್ಕೆ ಒಂದೂವರೆ ಪಾಲಿಗೂ ಕಡಿಮೆ.

ಒಬ್ಬರ ಮುಂದೆ ನಿಂತು ‘ನಿಮ್ಮ ರೋಗಕ್ಕೆ ಚಿಂತೆಯೇ ಕಾರಣ’ ಎನ್ನಲು ಈ ಅಂಕಿ ಸಾಲದು. ‘ಅಲ್ಲವೇ ಅಲ್ಲ’ ಎನ್ನಲೂ ಸಾಲದು. ಆದರೆ ಸಾವಿರಾರು ಜನ ಒಟ್ಟಿಗೆ ಎದ್ದಾಗ ಚಿಕ್ಕ ಪಾಲೂ ಹಲವು ಹಾಸಿಗೆಗಳನ್ನು ತುಂಬೀತು. ಊರೆಬ್ಬಿಸುವ ಮುನ್ನ ಸರಕಾರದವರು ನೆಲ, ಮರ, ಬಾವಿಗಳನ್ನು ಎಣಿಸಿ ಬರೆಯುತ್ತಾರೆ. ಅದೇ ದಿನ ಮನೆಮಂದಿಯ ಆರೋಗ್ಯವನ್ನೂ, ಪಕ್ಕದ ಊರಿನವರದನ್ನೂ ಬರೆದಿಟ್ಟರೆ, ಮುಂದೆ ಬಡವರು ಬರಿಯ ನೆನಪನ್ನು ಸಾಕ್ಷಿಗೆ ನಿಲ್ಲಿಸಬೇಕಾಗುವುದಿಲ್ಲ.