ಕದ ತಟ್ಟುವ ಭಯ

ಕೋಲಾರ ಜಿಲ್ಲೆಯ ಮುಳಬಾಗಿಲು ತಾಲ್ಲೂಕಿನಲ್ಲಿ, ಆಂಧ್ರಪ್ರದೇಶದ ಗಡಿಗೆ ಸಮೀಪವಾಗಿ ಬೈರಕೂರು ಎಂಬ ಊರಿದೆ. ತಾಲ್ಲೂಕಿನ ಹೋಬಳಿ ಕೇಂದ್ರಗಳಲ್ಲಿ ಅದೂ ಒಂದು. ಆ ಸೀಮೆಯಲ್ಲೆಲ್ಲ ಬಂಡೆಗಲ್ಲಿನ ಗುಡ್ಡಗಳು, ಮಳೆಯನ್ನೇ ನಂಬಿದ ಕೆರೆಗಳು, ರಾಗಿಯ ಹೊಲಗಳು, ಮಾವಿನ ತೋಪುಗಳು, ದಾರಿಯ ಬದಿಯಲ್ಲಿ ಹಳೆಯ ಹುಣಿಸೆಮರಗಳು. ಅಲ್ಲಿಯ ಜನರ ನಾಲಿಗೆಯ ಮೇಲೆ ಕನ್ನಡ ತೆಲುಗುಗಳೆರಡೂ ಅಕ್ಕತಂಗಿಯರಂತೆ ಕೂಡಿ ಬಾಳುತ್ತವೆ. ತಾಲ್ಲೂಕಿನ ಹೆಸರು ಮೊದಲು ‘ಮೂಡಲಬಾಗಿಲು’ ಎಂದಿದ್ದು, ಬಳಕೆಯಲ್ಲಿ ಸವೆದು ‘ಮುಳಬಾಗಿಲು’ ಆಯಿತೆಂದು ಹೇಳುವರು. ನಾಡಿನ ಮೂಡಣ ದಿಕ್ಕಿನ ಬಾಗಿಲು ಅದು.

ಬಾಗಿಲು ಒಂದು ವಿಚಿತ್ರವಾದ ವಸ್ತು. ಹಗಲಿನಲ್ಲಿ ಅದು ಬಂದವರನ್ನು ಬರಮಾಡಿಕೊಳ್ಳುತ್ತದೆ. ಇರುಳಾಯಿತೆಂದರೆ ಅದೇ ಬಾಗಿಲಿಗೆ ಅಗುಳಿ ಬೀಳುತ್ತದೆ. ಅಗುಳಿ ಬಿದ್ದೊಡನೆ, ಆಚೆಗೆ ಏನಿದೆಯೋ ಎಂಬ ಪ್ರಶ್ನೆ ಒಳಗಿದ್ದವರ ಮನಸ್ಸಿನಲ್ಲಿ ತಲೆಯೆತ್ತುತ್ತದೆ. ಭಯದ ಕಥೆಗಳಲ್ಲಿ ಹೆಚ್ಚಿನವು ಈ ಒಂದು ಪ್ರಶ್ನೆಯಿಂದಲೇ ಹುಟ್ಟಿದವು ಎಂದರೆ ತಪ್ಪಾಗಲಾರದು.

ಬೈರಕೂರಿನಂತಹ ಊರಿನ ಒಂದು ಇರುಳನ್ನು ಊಹಿಸಿಕೊಳ್ಳಬಹುದು. ಊಟ ಮುಗಿದಿದೆ. ವಿದ್ಯುದ್ದೀಪ ಆರಿ ಬೀದಿಯೆಲ್ಲ ಕತ್ತಲಾಗಿದೆ. ಜಗಲಿಯ ಮೇಲೆ ಅಜ್ಜಿಯೊಬ್ಬಳು ಎಲೆಯಡಿಕೆ ಮೆಲ್ಲುತ್ತ ಕಥೆ ಹೇಳುತ್ತಿದ್ದಾಳೆ. ಸಂತೆ ಮುಗಿಸಿ ಒಬ್ಬನೇ ಊರಿಗೆ ಮರಳುತ್ತಿರುವ ರೈತನ ಕಥೆ ಅದು. ಅವನ ಬೆನ್ನ ಹಿಂದೆ ಹೆಜ್ಜೆಯ ಸದ್ದು ಕೇಳಿಸುತ್ತದೆ. ಅವನು ನಿಂತರೆ ಸದ್ದೂ ನಿಲ್ಲುತ್ತದೆ. ನಡೆದರೆ ಅದೂ ನಡೆಯುತ್ತದೆ. ಕೇಳುತ್ತಿರುವ ಮಕ್ಕಳು ಒಬ್ಬರಿಗೊಬ್ಬರು ಒತ್ತಿಕೊಂಡು ಕುಳಿತಿದ್ದಾರೆ. “ಆಮೇಲೆ ಏನಾಯಿತಜ್ಜಿ?” ಎಂದು ಕೇಳುವ ದನಿಯೂ ಪಿಸುಮಾತಾಗಿದೆ. ಕಥೆ ಮುಗಿದಾಗ ಅವರಲ್ಲಿ ಒಬ್ಬ ಹುಡುಗನಿಗೆ ದೊಡ್ಡ ಸಂಕಟ. ಅವನ ಮನೆ ಬೀದಿಯ ಕೊನೆಯಲ್ಲಿದೆ. ನಡುವೆ ಒಂದು ಹುಣಿಸೆಮರವಿದೆ.

“ಅಜ್ಜಿ, ಮನೆಯ ತನಕ ಬಿಟ್ಟು ಬಾ” ಎನ್ನುತ್ತಾನೆ ಅವನು.

“ಹೋಗೋ ಪುಕ್ಕಲ! ಹುಣಿಸೆಮರಕ್ಕೆ ನಿನ್ನಲ್ಲಿ ಏನು ಕೆಲಸ?” ಎಂದು ಅಜ್ಜಿ ನಗುತ್ತಾಳೆ.

ಅವನು ಕಣ್ಣು ಮುಚ್ಚಿಕೊಂಡು ಓಡುತ್ತಾನೆ. ಮರದ ಬಳಿಗೆ ಬಂದಾಗ ಮೇಲಿನಿಂದ ಯಾರೋ ಕಿರಿಚಿದಂತಾಗುತ್ತದೆ. ಬೆಳ್ಳಗಿನ ಆಕೃತಿಯೊಂದು ಸದ್ದಿಲ್ಲದೆ ತೇಲಿಹೋಗುತ್ತದೆ. ಆ ರಾತ್ರಿ ಅವನಿಗೆ ನಿದ್ರೆ ಹತ್ತುವುದಿಲ್ಲ. ಆದರೆ ಮರುದಿನ ಕತ್ತಲಾಗುತ್ತಲೇ ಜಗಲಿಯ ಮೇಲೆ ಎಲ್ಲರಿಗಿಂತ ಮೊದಲು ಬಂದು ಕೂರುವವನೂ ಅವನೇ!

ಇದು ಸೋಜಿಗವಲ್ಲವೆ? ಬೆಂಕಿ ಸುಟ್ಟರೆ ಮಗು ಮತ್ತೆ ಬೆಂಕಿಯ ಬಳಿಗೆ ಹೋಗದು. ಹೆದರಿಸಿದ ಕಥೆಯ ಬಳಿಗೆ ಮಾತ್ರ ಮತ್ತೆ ಮತ್ತೆ ಹೋಗುವುದೇಕೆ?

ಭಯವು ಮನುಷ್ಯನಿಗೆ ಹುಟ್ಟಿನಿಂದ ಬಂದ ಕಾವಲುಗಾರ. ಅಪಾಯದ ಸುಳಿವು ಸಿಕ್ಕೊಡನೆ ಮೂತ್ರಪಿಂಡಗಳ ಮೇಲಿರುವ ಪುಟ್ಟ ಗ್ರಂಥಿಗಳು ಅಡ್ರಿನಲಿನ್ ಎಂಬ ದ್ರವ್ಯವನ್ನು ರಕ್ತಕ್ಕೆ ಬಿಡುತ್ತವೆ. ಎದೆಬಡಿತ ಹೆಚ್ಚುತ್ತದೆ, ಕಣ್ಣಿನ ಪಾಪೆ ಹಿಗ್ಗುತ್ತದೆ, ಕೈಕಾಲುಗಳ ಸ್ನಾಯುಗಳಿಗೆ ರಕ್ತ ನುಗ್ಗುತ್ತದೆ. ಓಡುವುದಕ್ಕೋ ಹೋರಾಡುವುದಕ್ಕೋ ದೇಹವು ಕ್ಷಣಮಾತ್ರದಲ್ಲಿ ಸಿದ್ಧವಾಗುತ್ತದೆ. ಹಾವನ್ನು ಕಂಡು ಹಿಂದೆ ಸರಿಯುವ ಈ ಗುಣ ಇಲ್ಲದಿದ್ದರೆ ಮನುಷ್ಯಕುಲವು ಉಳಿದು ಬರುತ್ತಿರಲಿಲ್ಲ.

ಕಥೆಯಲ್ಲಿ ಬರುವ ಭಯವು ಇದೇ ಭಯದ ತಂಗಿ. ಆದರೆ ಅದರ ಸ್ವಭಾವ ಬೇರೆ. ಭರತಮುನಿಯ ನಾಟ್ಯಶಾಸ್ತ್ರವು ಎಂಟು ರಸಗಳನ್ನು ಹೇಳುವಾಗ ಅವುಗಳಲ್ಲಿ ಭಯಾನಕವನ್ನೂ ಸೇರಿಸುತ್ತದೆ. ಅದರ ಸ್ಥಾಯಿಭಾವ ಭಯ. ಅದರ ಬಣ್ಣ ಕಪ್ಪು. ವಿಕಾರವಾದ ಧ್ವನಿ, ಭೂತಗಳ ದರ್ಶನ, ನರಿ ಗೂಬೆಗಳ ಕೂಗು, ಕಾಡು, ಬರಿದಾದ ಮನೆ, ಇವೆಲ್ಲ ಭಯಾನಕಕ್ಕೆ ಕಾರಣಗಳೆಂದು ಅಲ್ಲಿ ಹೇಳಿದೆ. ಆ ಪಟ್ಟಿಯಲ್ಲಿ ಗುರುವಿಗೂ ಅರಸನಿಗೂ ಎಸಗಿದ ಅಪರಾಧವೂ ಸೇರಿದೆ! ಮನೆಪಾಠ ಬರೆಯದೆ ತರಗತಿಗೆ ಬಂದ ವಿದ್ಯಾರ್ಥಿಗೆ ಈ ಮಾತಿನ ಸತ್ಯವನ್ನು ಬೇರೆಯಾಗಿ ವಿವರಿಸಬೇಕಾಗಿಲ್ಲ. ಕಾಡಿನಲ್ಲಿ ಹುಲಿ ಎದುರಾದರೆ ಓಡಿಹೋಗುವವನು, ಕಥೆಯಲ್ಲಿ ಹುಲಿ ಎದುರಾದಾಗ ಆತುರದಿಂದ ಪುಟ ತಿರುಗಿಸುತ್ತಾನೆ. ತಾನು ಸುರಕ್ಷಿತನೆಂಬ ಅರಿವು ಒಳಗೆ ಇರುವುದರಿಂದಲೇ ಅವನು ಭಯವನ್ನು ನಿಂತು ನೋಡಬಲ್ಲ. ಜೀವನದಲ್ಲಿ ಭಾವವಾಗಿದ್ದುದು ಕಥೆಯಲ್ಲಿ ರಸವಾಗುತ್ತದೆ.

ಈ ರಸವನ್ನು ಹುಟ್ಟಿಸಲು ದೆವ್ವವನ್ನು ತಂದು ಎದುರಿಗೆ ನಿಲ್ಲಿಸಬೇಕಾಗಿಲ್ಲ. ಬಾಗಿಲೊಂದನ್ನು ಮುಚ್ಚಿದರೆ ಸಾಕು. ಇದಕ್ಕೆ 1990ರ ದಶಕದಲ್ಲಿ ಬೆಂಗಳೂರಿನಲ್ಲಿಯೂ ಅದರ ಸುತ್ತಿನ ಸೀಮೆಯಲ್ಲಿಯೂ ಹಬ್ಬಿದ ವದಂತಿಯೊಂದು ಒಳ್ಳೆಯ ನಿದರ್ಶನ. ರಾತ್ರಿ ಹೊತ್ತಿನಲ್ಲಿ ಹೆಣ್ಣುದೆವ್ವವೊಂದು ಬಂದು ಕದ ತಟ್ಟುತ್ತದೆ, ಮನೆಯವರದೇ ದನಿಯಲ್ಲಿ ಹೆಸರು ಹಿಡಿದು ಕೂಗುತ್ತದೆ, ತೆರೆದವನು ಸಾಯುತ್ತಾನೆ ಎಂದು ಜನ ಹೇಳಿಕೊಂಡರು. ಅದಕ್ಕೆ ಪರಿಹಾರವನ್ನೂ ಅವರೇ ಕಂಡುಕೊಂಡರು. ಬಾಗಿಲುಗಳ ಮೇಲೆ, ಗೋಡೆಗಳ ಮೇಲೆ ‘ನಾಳೆ ಬಾ’ ಎಂದು ಬರೆದರು. ದೆವ್ವವು ಅದನ್ನು ಓದಿ ಹಿಂದಿರುಗುತ್ತದೆ. ಮರುದಿನ ಬಂದರೂ ಅದೇ ಬರಹ, ಅದೇ ವಾಯಿದೆ! ನಾಳೆ ಎಂಬುದು ಎಂದಿಗೂ ಬರುವುದಿಲ್ಲ. ತೆಲುಗು ನಾಡಿನಲ್ಲಿಯೂ ಇಂತಹದೇ ಬರಹ ‘ಓ ಸ್ತ್ರೀ, ರೇಪು ರಾ’ ಎಂದು ಗೋಡೆಗಳನ್ನು ಏರಿತು. ಈ ದೆವ್ವವು ಅಕ್ಷರ ಬಲ್ಲದ್ದು, ಮೇಲಾಗಿ ಮಾತು ಕೇಳುವಂಥದು. ಗಡಿಸೀಮೆಗೆ ಬಂದರೆ ಅದಕ್ಕೆ ಎರಡು ಲಿಪಿಗಳೂ ಬರಬೇಕಾಗಿತ್ತು ಎಂದು ಈಗ ನಗಬಹುದು. ಆದರೆ ಆ ರಾತ್ರಿಗಳಲ್ಲಿ ಅನೇಕರು ನಗಲಿಲ್ಲ. ದೆವ್ವವು ತಾಯಿಯ ದನಿಯಲ್ಲಿ ಕರೆಯುತ್ತದೆ ಎಂಬಲ್ಲಿಯೇ ಆ ಕಥೆಯ ಬಲವಿದೆ. ಎಲ್ಲಕ್ಕಿಂತ ಹೆಚ್ಚಾಗಿ ನಂಬಿದ ದನಿಯನ್ನೇ ನಂಬಲಾಗದೆ ಹೋದರೆ ಏನು ಗತಿ ಎಂಬುದು ಅದರೊಳಗಿನ ನಿಜವಾದ ಭಯ.

ಮುಚ್ಚಿದ ಬಾಗಿಲಿನ ಭಯವನ್ನು ಇಂಗ್ಲೆಂಡಿನ ಕಥೆಗಾರ ಡಬ್ಲ್ಯು. ಡಬ್ಲ್ಯು. ಜೇಕಬ್ಸ್ ತನ್ನ ‘ಮಂಗನ ಪಂಜ’ ಎಂಬ ಕಥೆಯಲ್ಲಿ ಬಹು ಎತ್ತರಕ್ಕೆ ಒಯ್ದಿದ್ದಾನೆ. 1902ರಲ್ಲಿ ಪ್ರಕಟವಾದ ಈ ಸಣ್ಣಕಥೆಯಲ್ಲಿ ಒಬ್ಬ ಮುದುಕ, ಅವನ ಹೆಂಡತಿ, ಅವರ ಒಬ್ಬ ಮಗ ಇದ್ದಾರೆ. ಭಾರತದಲ್ಲಿ ಸೈನಿಕನಾಗಿದ್ದವನೊಬ್ಬ ಅವರ ಮನೆಗೆ ಮಂಗನ ಒಣಗಿದ ಪಂಜವೊಂದನ್ನು ತರುತ್ತಾನೆ. ಅದು ಮೂರು ಕೋರಿಕೆಗಳನ್ನು ಈಡೇರಿಸುತ್ತದಂತೆ. ಮುದುಕನು ಮೊದಲು ಇನ್ನೂರು ಪೌಂಡು ಹಣ ಬೇಡುತ್ತಾನೆ. ಮರುದಿನ ಹಣ ದೊರೆಯುತ್ತದೆ. ಅವನ ಮಗ ಕಾರ್ಖಾನೆಯ ಯಂತ್ರಕ್ಕೆ ಸಿಕ್ಕಿ ಸತ್ತುದಕ್ಕಾಗಿ ಕೊಟ್ಟ ಪರಿಹಾರಧನ ಅದು! ದುಃಖ ತಾಳಲಾರದ ತಾಯಿ, ಮಗ ಮತ್ತೆ ಬದುಕಿ ಬರಲೆಂದು ಎರಡನೆಯ ಕೋರಿಕೆಯನ್ನು ಗಂಡನಿಂದ ಬಲವಂತವಾಗಿ ಬೇಡಿಸುತ್ತಾಳೆ. ನಡುರಾತ್ರಿಯಲ್ಲಿ ಬಾಗಿಲು ತಟ್ಟಿದ ಸದ್ದು ಕೇಳುತ್ತದೆ. ಮಗ ಬಂದನೆಂದು ತಾಯಿ ಅಗುಳಿ ತೆಗೆಯಲು ಓಡುತ್ತಾಳೆ. ನಜ್ಜುಗುಜ್ಜಾದ ಶವವನ್ನು ಕಣ್ಣಾರೆ ಕಂಡಿದ್ದ ತಂದೆ ನಡುಗುತ್ತ ಪಂಜವನ್ನು ತಡಕಿ ಹಿಡಿದು ಕೊನೆಯ ಕೋರಿಕೆಯನ್ನು ಬೇಡುತ್ತಾನೆ. ಸದ್ದು ನಿಲ್ಲುತ್ತದೆ. ಬಾಗಿಲು ತೆರೆದಾಗ ಹೊರಗೆ ಬೀದಿದೀಪದ ಬೆಳಕಿನಲ್ಲಿ ಬರಿದಾದ ರಸ್ತೆ ಮಾತ್ರ ಕಾಣುತ್ತದೆ.

ಬಾಗಿಲ ಹೊರಗೆ ನಿಂತಿದ್ದುದು ಏನೆಂದು ಕಥೆಗಾರನು ತೋರಿಸುವುದಿಲ್ಲ. ತೋರಿಸಿದ್ದರೆ ಭಯವು ಅಲ್ಲಿಯೇ ಮುಗಿದುಹೋಗುತ್ತಿತ್ತು. ಒಂದೇ ಬಾಗಿಲು, ಒಂದೇ ಸದ್ದು. ಆದರೆ ಅದು ತಾಯಿಗೆ ಆಸೆ, ತಂದೆಗೆ ಭಯ. ಇಬ್ಬರಲ್ಲಿಯೂ ಇರುವುದು ಮಗನ ಮೇಲಿನ ಮಮತೆಯೇ. ಓದುಗನ ಮೈ ನಡುಗುವುದು ಹೆಣಕ್ಕಾಗಿ ಅಲ್ಲ. ಬಾಗಿಲ ಈಚೆ ನಿಂತ ಆ ಇಬ್ಬರಿಗಾಗಿ.

ಬಾಗಿಲು ಮನೆಗೆ ಮಾತ್ರ ಇರುವುದಲ್ಲ, ಎದೆಗೂ ಇದೆ. ಅಲ್ಲಿ ಒಳಗಿನಿಂದಲೇ ಯಾರೋ ತಟ್ಟುವುದುಂಟು. ಹತ್ತನೆಯ ಶತಮಾನದ ಕವಿ ರನ್ನನು ಗದಾಯುದ್ಧದಲ್ಲಿ, ಯುದ್ಧ ಸೋತ ದುರ್ಯೋಧನನನ್ನು ಸಂಜಯನೊಡನೆ ರಣರಂಗದ ಹೆಣಗಳ ನಡುವೆ ನಡೆಸುತ್ತಾನೆ. ಅಲ್ಲಿ ಮರುಳುಗಳಿವೆ, ರಕ್ತದ ಹೊನಲಿದೆ. ಆದರೆ ಆ ವೀರನ ಎದೆಯನ್ನು ಇರಿಯುವುದು ಗುರುವಿನ, ಮಗನ, ತಮ್ಮನ, ಗೆಳೆಯ ಕರ್ಣನ ಮಲಗಿದ ದೇಹಗಳು. ಅಮೆರಿಕದ ಎಡ್ಗರ್ ಆಲನ್ ಪೋ 1843ರಲ್ಲಿ ಪ್ರಕಟಿಸಿದ ಕಥೆಯೊಂದರಲ್ಲಿ ಕೊಲೆಗಾರನೊಬ್ಬನು ಹೆಣವನ್ನು ನೆಲದ ಹಲಗೆಗಳ ಕೆಳಗೆ ಬಚ್ಚಿಡುತ್ತಾನೆ. ಪೊಲೀಸರು ಬಂದಾಗ ಅವರೆದುರು ನಗುತ್ತ ಮಾತನಾಡುತ್ತಾನೆ. ಆಗ ನೆಲದ ಅಡಿಯಿಂದ ಸತ್ತವನ ಎದೆಬಡಿತವು ಅವನೊಬ್ಬನಿಗೆ ಕೇಳಿಸತೊಡಗುತ್ತದೆ. ತಾಳಲಾರದೆ ತಾನೇ ತಪ್ಪನ್ನೊಪ್ಪಿಕೊಳ್ಳುತ್ತಾನೆ. ಅಲ್ಲಿ ದೆವ್ವವೇ ಇಲ್ಲ. ಇರುವುದು ಮಾಡಿದ ಪಾಪವೊಂದೆ. ಅಪರಾಧವು ಭಯದ ತಾಯಿಯೆಂದು ಭರತನು ಕಂಡ ಸತ್ಯಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಹೀಗೆ ಕಥೆಯೊಳಗಿನ ಭಯವು ಮಮತೆಯನ್ನೂ ನ್ಯಾಯವನ್ನೂ ಕಲಿಸುತ್ತದೆ. ಆದರೆ ಅದೇ ಭಯವು ಕಥೆಯ ಹೊಸ್ತಿಲು ದಾಟಿ ಬೀದಿಗೆ ಬಂದರೆ ಕ್ರೂರವಾಗುತ್ತದೆ. ಮನೋರೋಗದಿಂದ ಬಳಲುವ ಹೆಣ್ಣುಮಗಳಿಗೆ ದೆವ್ವ ಹಿಡಿದಿದೆಯೆಂದು ಬೇವಿನ ಬರಲಿನಿಂದ ಹೊಡೆಯುವುದುಂಟು. ಒಂಟಿಯಾಗಿ ಬಾಳುವ ಮುದುಕಿಯನ್ನು ಮಾಟಗಾತಿಯೆಂದು ದೂರವಿಡುವುದುಂಟು. ಜಗಲಿಯ ಮೇಲೆ ಕಥೆ ಹೇಳುವ ಆ ಅಜ್ಜಿಯನ್ನೇ ಯಾರಾದರೂ ಹಾಗೆ ಕರೆದರೆ? ಆಗ ಹೆದರಬೇಕಾದದ್ದು ದೆವ್ವಕ್ಕಲ್ಲ, ಹೆದರಿದ ಜನರಿಗೆ.

ಇಂತಹ ಭಯದ ಎದುರು ನಿಂತವರಲ್ಲಿ ಎಚ್. ನರಸಿಂಹಯ್ಯನವರು ಪ್ರಮುಖರು. ಅಂದು ಕೋಲಾರ ಜಿಲ್ಲೆಗೆ ಸೇರಿದ್ದ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಜನಿಸಿದ ಅವರು ಭೌತವಿಜ್ಞಾನದ ಅಧ್ಯಾಪಕರಾಗಿದ್ದರು. ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದಾಗ, 1976ರಲ್ಲಿ, ಪವಾಡಗಳನ್ನೂ ಮೂಢನಂಬಿಕೆಗಳನ್ನೂ ಪರೀಕ್ಷಿಸಲು ಒಂದು ಸಮಿತಿಯನ್ನು ರಚಿಸಿದರು. ಯಾವುದನ್ನೂ ಪ್ರಶ್ನಿಸದೆ ಒಪ್ಪಬಾರದೆಂಬುದು ಅವರು ವಿದ್ಯಾರ್ಥಿಗಳಿಗೆ ಜೀವನವಿಡೀ ಹೇಳಿಕೊಟ್ಟ ಪಾಠ. ಅಮಾನವೀಯ ಪದ್ಧತಿಗಳನ್ನೂ ವಾಮಾಚಾರವನ್ನೂ ತಡೆಯುವ ಕಾನೂನು ಕರ್ನಾಟಕದಲ್ಲಿ 2017ರಲ್ಲಿ ಅಂಗೀಕಾರವಾಗಿ 2020ರಲ್ಲಿ ಜಾರಿಗೆ ಬಂದಿತು. ದೆವ್ವ ಬಿಡಿಸುವ ನೆಪದಲ್ಲಿ ಹಿಂಸಿಸುವುದು ಈಗ ಶಿಕ್ಷಾರ್ಹ ಅಪರಾಧ. ಆದರೆ ಕಾನೂನು ಹಿಂಸೆಯನ್ನು ತಡೆಯಬಲ್ಲುದೇ ಹೊರತು ಕತ್ತಲೆಯಲ್ಲಿ ಕಣ್ಣು ತೆರೆಯಿಸಲಾರದು. ಆ ಕೆಲಸವನ್ನು ಪ್ರತಿಯೊಬ್ಬನೂ ತಾನೇ ಮಾಡಿಕೊಳ್ಳಬೇಕು.

ಹುಣಿಸೆಮರದ ಕೆಳಗೆ ಕಣ್ಣು ಮುಚ್ಚಿ ಓಡಿದ ಆ ಹುಡುಗನು ಒಂದು ದಿನ ಹಗಲಿನಲ್ಲಿ ಅಲ್ಲಿಗೆ ಹೋಗಿ ನಿಂತನೆನ್ನಿ. ನೆಲದ ಮೇಲೆ ಇಲಿಯ ಕೂದಲು, ಸಣ್ಣ ಮೂಳೆಗಳು ಸೇರಿದ ಕಪ್ಪು ಉಂಡೆಗಳು ಬಿದ್ದಿವೆ. ತಲೆಯೆತ್ತಿ ನೋಡಿದರೆ ಮರದ ಪೊಟರೆಯೊಳಗೆ ಬೆಳ್ಳಗಿನ ಮುಖವೊಂದು ತೂಕಡಿಸುತ್ತಿದೆ. ಅದು ಕಣಜಗೂಬೆ. ಅದು ಇತರ ಗೂಬೆಗಳಂತೆ ಗುಮ್ಮೆನ್ನುವುದಿಲ್ಲ, ಕಿರಿಚುತ್ತದೆ. ಅದರ ಗರಿಗಳ ಅಂಚು ಮೃದುವಾಗಿರುವುದರಿಂದ ಹಾರುವಾಗ ಸದ್ದಾಗುವುದಿಲ್ಲ. ಹೊಲದ ರಾಗಿಯನ್ನು ತಿನ್ನುವ ಇಲಿಗಳನ್ನು ಹಿಡಿದು ತಿನ್ನುವ ಅದು ರೈತನ ಮಿತ್ರ. ಇಷ್ಟು ದಿನ ಅವನನ್ನು ಓಡಿಸಿದ ದೆವ್ವ ಇದೇ!

ಅಂದಿನಿಂದ ಅವನು ಆ ಮರದ ಕೆಳಗೆ ಓಡುವುದಿಲ್ಲ, ನಡೆದೇ ಹೋಗುತ್ತಾನೆ. ಆದರೂ ಸಂಜೆ ಜಗಲಿಯ ಮೇಲೆ ಅಜ್ಜಿ ಕಥೆಯನ್ನು ಆರಂಭಿಸಿದಾಗ, ರೈತನ ಬೆನ್ನ ಹಿಂದೆ ಆ ಹೆಜ್ಜೆಯ ಸದ್ದು ಕೇಳಿಸಿದಾಗ, ಅವನು ಮೊದಲಿನಂತೆಯೇ ಅವಳ ಸೆರಗಿನ ಬಳಿಗೆ ಸರಿದು ಕೂರುತ್ತಾನೆ. ಎಲ್ಲಿ ನಡುಗಬೇಕು, ಎಲ್ಲಿ ನಿಂತು ನೋಡಬೇಕು ಎಂಬುದನ್ನು ಅವನೀಗ ಬಲ್ಲ.