ಮಲ್ಲಿತಮ್ಮ ಎಂಬ ಗಂಡಸಿನ ಹೆಸರು

ಜಪಾನಿನಲ್ಲಿ ಇಚಿರೋ ಎಂದರೆ ಮೊದಲ ಮಗ, ಜಿರೋ ಎರಡನೆಯವನು, ಸಬುರೋ ಮೂರನೆಯವನು. ಹುಟ್ಟಿದ ಸರದಿಯೇ ಹೆಸರು. ಅದನ್ನು ಓದುವಾಗ ನನಗೆ ನಮ್ಮ ಅರಸೀಕೆರೆ ತಾಲ್ಲೂಕಿನ ಜಾವಗಲ್ಲು ನೆನಪಾಯಿತು. ಅಲ್ಲಿನ ಲಕ್ಷ್ಮೀನರಸಿಂಹ ದೇವಸ್ಥಾನದಲ್ಲಿ ಹೊಯ್ಸಳರ ಕಾಲದ ಶಿಲ್ಪಿ ಮಲ್ಲಿತಮ್ಮನ ಕೈಕೆಲಸವಿದೆ; ಅವನ ಹೆಸರಿನಲ್ಲೂ ಒಬ್ಬ ‘ತಮ್ಮ’ ಇದ್ದಾನೆ.

ಮಲ್ಲಿ ಎಂದರೆ ಮಲ್ಲಿಕಾರ್ಜುನ, ಅಂದರೆ ಶಿವ ಇರಬಹುದು. ಜೊತೆಗೊಬ್ಬ ತಮ್ಮ. ಎಂಥ ಅಕ್ಕರೆಯ ಹೆಸರು! ಶಿವನ ಹೆಸರು ಹೊತ್ತವನು ವಿಷ್ಣುವಿನ ಗುಡಿಗಳಲ್ಲಿ ಉಳಿ ಹಿಡಿದ. 1246ರ ನುಗ್ಗೇಹಳ್ಳಿಯ ಗುಡಿಯಲ್ಲೂ, ಸೋಮನಾಥಪುರದ ಗುಡಿಯಲ್ಲೂ ವಿಗ್ರಹಗಳ ಮೇಲೆ ಸಹಿಯಾಗಿ ಅದೇ ಹೆಸರು ಸಿಗುತ್ತದೆ, ಎಷ್ಟೋ ಕಡೆ ಬರೀ ‘ಮಲ್ಲಿ’ ಎಂದು, ಕೆಲವೆಡೆ ‘ಮ’ ಎಂಬ ಒಂದೇ ಅಕ್ಷರವಾಗಿ. ಅವನನ್ನು ಗುರುತಿಸಲು ಆ ಒಂದಕ್ಷರವೇ ಸಾಕಿತ್ತೇನೋ.

ಕಟ್ಟಿಸಿದ ರಾಜ, ದಂಡನಾಯಕರ ಹೆಸರು ನಮ್ಮ ನಾಲಿಗೆಯ ಮೇಲಿದೆ. ಕೆತ್ತಿದವನದ್ದೂ ಇರಬೇಕು.

ಜಾವಗಲ್ಲಿಗೆ ಹೋದರೆ ವಿಗ್ರಹದ ಮುಖವನ್ನಷ್ಟೇ ನೋಡಿ ಮುಂದೆ ಸಾಗಬೇಡಿ. ಸ್ವಲ್ಪ ಬಗ್ಗಿ, ಪೀಠದ ಅಂಚಿನಲ್ಲಿ ಶಿಲ್ಪಿಯ ಹೆಸರಿದೆಯೇ ನೋಡಿ. ಮಕ್ಕಳಿಗೆ ಆ ಅಕ್ಷರಗಳನ್ನು ತೋರಿಸಿ, ಹೆಸರು ಹೇಳಿಕೊಡಿ.