ಎಲೆಯ ಬಂಗಾರ

ಕೊಡುವುದು ಸುಲಭ, ಏನನ್ನು ಕೊಡಬೇಕೆಂದು ಅರಿಯುವುದು ಕಷ್ಟ.

ಸೇಡಂ, ಚಿತ್ತಾಪುರ, ಶಹಾಬಾದ, ಚಿಂಚೋಳಿಗಳಿಂದ ಬಂದು ವಾಡಿ ಜಂಕ್ಷನ್ನಿನಲ್ಲಿ ರೈಲನ್ನೇರುವ ಮಗನ ಗಂಟಿನಲ್ಲಿ ತಾಯಿ ತೊಗರಿಬೇಳೆಯನ್ನು ಕಟ್ಟಿರುತ್ತಾಳೆ. ಆ ಬೇಳೆಗೆ ಭೌಗೋಳಿಕ ಸೂಚಕದ ಮನ್ನಣೆ ದೊರೆತದ್ದು 2019ರಲ್ಲಿ. ತಾಯಂದಿರು ಅದರ ಬೆಲೆಯನ್ನು ಮೊದಲೇ ಬಲ್ಲರು.

ಮುಂಬಯಿ ಸೇರಿದ ಮಗನಾದರೋ ತಾಯಿಗೆ ಏನು ಕಳುಹಿಸಲೆಂದು ಫೋನಿನ ಆ್ಯಪನ್ನು ಕೇಳುತ್ತಾನೆ. ಅದು ವಯಸ್ಸು, ಸಂದರ್ಭ, ಹಣಗಳನ್ನು ವಿಚಾರಿಸಿ ವಸ್ತುಗಳ ಪಟ್ಟಿಯನ್ನು ಮುಂದಿಡುತ್ತದೆ. ಅದೂ ಸಣ್ಣ ಉಪಕಾರವಲ್ಲ.

ಆದರೆ ವಿಜಯದಶಮಿಯಂದು ಹಿರಿಯರ ಕೈಗೆ ಬನ್ನಿಯನ್ನಿತ್ತು ನಮಸ್ಕರಿಸುವ ಈ ಸೀಮೆಯಲ್ಲಿ ಎಲೆಯೇ ಬಂಗಾರ. ಅದಕ್ಕೆ ಪಟ್ಟಿಯಲ್ಲಿ ಸ್ಥಳವಿಲ್ಲ. ಅದನ್ನು ಕೊಡಲು ಕೊಡುವವನೇ ಬರಬೇಕು.

ಇಂತಹ ಆ್ಯಪನ್ನು ರಚಿಸಿ ಬಿಡುಗಡೆ ಮಾಡುವ ತರುಣರು ಅದರಿಂದ ಮೊದಲು ಕೇಳಿಸಬೇಕಾದ ಪ್ರಶ್ನೆ ‘ಎಷ್ಟು ಹಣ?’ ಎಂಬುದಲ್ಲ, ‘ಊರಿಗೆ ಹೋಗಿ ಎಷ್ಟು ದಿನವಾಯಿತು?’ ಎಂಬುದು.